ಬೆಟ್ಟದ ಗೆರೆ, ಕಣಿವೆಯ ಗೆರೆ

ಮನೆಯಿಂದ,
ಗುರುವಾರ, ಮಧ್ಯಾಹ್ನ

ನನ್ನ ಪ್ರೀತಿಯ ಯಜಮಾನರೇ,

ಯಜಮಾನರೇ ಎಂದು ಬರೆದದ್ದನ್ನು ನೋಡಿ ಅಲ್ಲಿ ಮೀಸೆ ತಿರುವಬೇಡಿ. ಕಳೆದ ಪತ್ರವನ್ನು ಬರೀ ‘ರೀ’ ಎಂದು ಶುರು ಮಾಡಿದ್ದನ್ನು ನಿಮ್ಮ ಜೊತೆಗಾರರು ಓದಿ ನಕ್ಕರೆಂದು ದೂರಿದ್ದಿರಲ್ಲ, ಅದಕ್ಕೆ ಈ ಸಲ ಇಷ್ಟು ಮರ್ಯಾದೆ. ಹೇಗಿದ್ದೀರಿ? ಕೆಮ್ಮು ಕಮ್ಮಿಯಾಯಿತೇ? ಎಡಗಾಲಿನ ಬೆರಳುಗಳು ಮರಗಟ್ಟುತ್ತವೆ ಎಂದಿದ್ದಿರಿ. ಒದ್ದೆ ಕಾಲುಚೀಲದಲ್ಲೇ ಮಲಗುವ ಚಾಳಿ ಬಿಡಿ ಎಂದು ಎಷ್ಟು ಬಡಿದುಕೊಂಡರೂ ನನ್ನ ಮಾತು ನಿಮ್ಮ ಕಿವಿಗೆ ಹೋಗುವುದಿಲ್ಲ, ಇನ್ನು ಅಷ್ಟು ಎತ್ತರಕ್ಕೆ ಎಲ್ಲಿಂದ ಹೋದೀತು. ಹಿಂದಿನ ಗಾಡಿಯಲ್ಲಿ ಕಳಿಸಿದ ಉಣ್ಣೆಯ ಕಾಲುಚೀಲ ನಿಮಗೆ ತಲುಪಿತೇ, ಅಥವಾ ದಾರಿಯಲ್ಲಿ ಯಾರದಾದರೂ ಕಾಲು ಸೇರಿತೇ? ಹೊಟ್ಟೆ ತುಂಬ ಊಟ ಮಾಡುತ್ತಿದ್ದೀರಾ? ಜೊತೆಗಾರರ ಅಡುಗೆಯನ್ನು ಪುಟಗಟ್ಟಲೆ ಹೊಗಳಿದ್ದು ನನ್ನ ಹೊಟ್ಟೆ ಉರಿಸಲಿಕ್ಕೇ ಎಂದು ಗೊತ್ತು. ಉರಿಯಿತು. ಸಮಾಧಾನವಾಯಿತಲ್ಲ?

ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಅತ್ತೆಯ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಮೊದಲಿಗಿಂತ ಚುರುಕು. ಬಚ್ಚಲಿನ ನಲ್ಲಿ ಸೋರುವುದನ್ನು ನಾನೇ ರಿಪೇರಿ ಮಾಡಿದೆ, ಈಗ ಅದು ಬೇರೆ ಕಡೆಯಿಂದ ಸೋರುತ್ತಿದೆ. ಅತ್ತೆ ಬೆಳಿಗ್ಗೆ ಎದ್ದ ಕೂಡಲೇ ಕೇಳುವ ಮೊದಲ ಮಾತು ನಿಮ್ಮ ವೈರ್‌ಲೆಸ್ಸಿನದು. ಮೇಲೆ ಹಿಮ ಬೀಳಲು ಶುರುವಾದಂದಿನಿಂದ ಅದು ತುಟಿ ಬಿಚ್ಚಿಲ್ಲ. ನಿಮ್ಮ ಆಫೀಸಿಗೆ ಫೋನ್ ಮಾಡಿದರೆ ಗುಮಾಸ್ತರು, ಹಿಮ ಬಿದ್ದಾಗ ಹವಾಮಾನ ಠಾಣೆಯ ವೈರ್‌ಲೆಸ್ ಹೀಗೆ ಕೈಕೊಡುವುದು ಪ್ರತಿವರ್ಷದ್ದು, ನೀವೇನೂ ತಲೆ ಕೆಡಿಸಿಕೊಳ್ಳಬೇಡಿ ಎನ್ನುತ್ತಾರೆ. ಅವರ ದನಿ ಎಷ್ಟು ಹಗುರವಾಗಿರುತ್ತದೆಂದರೆ ಫೋನ್ ಇಟ್ಟ ಮೇಲೆ ನನಗೆ ಇನ್ನಷ್ಟು ಭಯವಾಗುತ್ತದೆ. ಇವತ್ತು ಸಂಜೆ ಸಾಮಾನಿನ ಗಾಡಿ ಮೇಲಕ್ಕೆ ಹೊರಡುತ್ತದಂತೆ. ಇದಾದ ಮೇಲೆ ದಾರಿ ಮುಚ್ಚಿದರೆ ಮುಂದಿನದು ಯಾವಾಗಲೋ. ಅದಕ್ಕೇ ಕಾರ್ಖಾನೆಗೆ ಅರ್ಧ ದಿನ ರಜೆ ಹಾಕಿ ಊಟದ ಮೇಜಿನ ಮೇಲೆ ಬರೆಯಲು ಕೂತಿದ್ದೇನೆ.

ಮನಸ್ಸೆಲ್ಲ ನಿಮ್ಮ ತಲೆಯ ಮೇಲಿನ ಸೂರಿನಲ್ಲಿದೆ. ಠಾಣೆಯ ಹಳೆಯ ಕೋಣೆಯ ಗೋಡೆ ಬಿರುಕು ಬಿಟ್ಟಿತು, ನೀವೂ ಜೊತೆಗಾರರೂ ನಮ್ಮ ಕಾರ್ಖಾನೆ ಮಾಡಿದ, ಮಡಿಸಿ ಬಿಚ್ಚುವ ಮಡಚುಮನೆಗೆ ಹಾಸಿಗೆ ಸಾಗಿಸಿದಿರಿ ಎಂಬುದನ್ನು ನಿಮ್ಮ ಪತ್ರದಲ್ಲಿ ಓದಿ ಅತ್ತೆ ಕೈಮುಗಿದರು. ‘ಹೆಂಡ್ತಿ ಕಟ್ಟಿದ ಮನೇಲಿ ಗಂಡ ಮಲಗೋದು ಎಷ್ಟು ಜನಕ್ಕೆ ಸಿಗುತ್ತೆ’ ಎಂದರು. ಬೆನ್ನು ತಟ್ಟಿಕೊಳ್ಳಬೇಕಾದವಳು ನಾನು. ಆದರೆ ಅವತ್ತಿನಿಂದ ರಾತ್ರಿ ಎದ್ದೆದ್ದು ಕಿಟಕಿಯಾಚೆ ನೋಡುತ್ತಿದ್ದೇನೆ. ಆ ಮನೆಯ ಮೇಲೆ ಹಿಮ ಬೀಳುತ್ತಿದೆ, ಅದರೊಳಗೆ ನೀವಿದ್ದೀರಿ, ಅದರ ಒಂದೊಂದು ಮಡಿಕೆಯೂ ನಮ್ಮ ಮೇಜಿನ ಮೇಲೆ ಹುಟ್ಟಿದ್ದು. ತಡೆಯುತ್ತದೆ ಎಂದು ನೂರು ಸಲ ಹೇಳಿಕೊಂಡಿದ್ದೇನೆ. ನೂರು ಸಲ ಹೇಳಿಕೊಳ್ಳಬೇಕಾಗಿ ಬಂದದ್ದೇ ಸರಿಯಿಲ್ಲ.

ಅದಿರಲಿ. ಕಾಗದ ಮಡಿಸುವ ವಿದ್ಯೆಯನ್ನು ಕಲಿತದ್ದು ಹೇಗೆ, ಮೊದಲಿನಿಂದ ಬರಿ, ಇಲ್ಲಿ ಓದಲು ಬೇರೇನೂ ಇಲ್ಲ ಎಂದು ಕೇಳಿದ್ದಿರಿ. ನೀವು ಮೇಲಕ್ಕೆ ಹೊರಟ ವಾರವೇ ಶುರುವಾದದ್ದು ಅದು. ರಟ್ಟಿನ ಡಬ್ಬಗಳ ನಮೂನೆ ಬರೆಯುತ್ತ ತಲೆ ನರೆಸಿಕೊಂಡ ನನ್ನನ್ನೂ, ಅಚ್ಚು ಕತ್ತರಿಸುವ ನನ್ನ ಗೆಳತಿಯನ್ನೂ, ಇನ್ನೂ ಕೆಲವರನ್ನೂ ಮ್ಯಾನೇಜರ್ ಕರೆದು, ನಾಳೆಯಿಂದ ನೀವು ಕಾಗದ ಮಡಿಸಲು ಕಲಿಯಬೇಕು ಎಂದರು. ಡಬ್ಬವೆಂದರೆ ಮಡಿಸಿದ ರಟ್ಟೇ ಅಲ್ಲವೇ, ಇಷ್ಟು ವರ್ಷ ನಾವು ಮಾಡಿದ್ದೇನು ಎಂದು ಗೆಳತಿ ಮೂಗು ಮುರಿದಳು. ಹಿಂದಿನ ಗೋದಾಮನ್ನು ಗುಡಿಸಿ, ಉದ್ದ ಮೇಜು ಹಾಕಿ, ಮೇಷ್ಟ್ರೊಬ್ಬರನ್ನು ಹೊರಗಿನಿಂದ ಕರೆಸಿದರು. ನಾವು ಅವರಿಗೆ ಮಡಿಕೆ ಮೇಷ್ಟ್ರು ಎಂದು ಹೆಸರಿಟ್ಟೆವು. ಅತ್ತೆಯ ಕಿವಿಗೆ ಅದು ಮಡಕೆ ಮೇಷ್ಟ್ರು ಎಂದು ಬಿದ್ದು, ‘ಡಬ್ಬ ಬಿಟ್ಟು ಮಡಕೆಗೆ ಇಳಿದ್ರಾ’ ಎಂದು ವಾರಪೂರ್ತಿ ಕಾಡಿಸಿದರು.

ಮೇಷ್ಟ್ರು ಸಣಕಲು ಮನುಷ್ಯ, ಮಾತು ಕಡಿಮೆ. ದೊಡ್ಡ ದೊಡ್ಡ ಯಂತ್ರಗಳಿಗೆ ಮಡಚುವ ಭಾಗಗಳನ್ನು ಮಾಡಿಕೊಟ್ಟವರಂತೆ. ಮೊದಲ ದಿನ ನಮ್ಮ ಕೈಗೆ ಒಂದೊಂದು ಚೌಕ ಹಾಳೆ ಕೊಟ್ಟು, ಮೂಲೆಗೆ ಮೂಲೆ ಸೇರಿಸಿ ಮಡಿಸಿ ಎಂದರು. ಇಷ್ಟೇ ತಾನೇ ಎಂದು ಮಡಿಸಿದೆವು. ಅವರು ಒಬ್ಬೊಬ್ಬರ ಹಾಳೆಯನ್ನೂ ಬೆಳಕಿಗೆ ಹಿಡಿದು ನೋಡಿ ಹಾಗೇ ವಾಪಸು ಇಟ್ಟರು. ಯಾರದೂ ಸೇರಿರಲಿಲ್ಲ ರೀ! ಕೂದಲೆಳೆಯಷ್ಟು ತಪ್ಪು, ಎಂಟು ಮಡಿಕೆಯಾಗುವಷ್ಟರಲ್ಲಿ ಬೆರಳಗಲವಾಗಿ ಬೆಳೆದಿರುತ್ತದೆ. ಹಾಳೆಯನ್ನು ಗಾಳಿಯಲ್ಲಿ ಹಿಡಿದು ಮಡಿಸಬಾರದು, ಮೇಜಿನ ಮೇಲಿಟ್ಟು ಮಡಿಸಬೇಕು, ಮೊದಲು ಮಧ್ಯಕ್ಕೆ ಉಗುರಿಟ್ಟು ಆಮೇಲೆ ಎರಡೂ ಬದಿಗೆ ಎಳೆಯಬೇಕು, ಚಮಚದ ಬೆನ್ನಿನಿಂದ ಉಜ್ಜಬೇಕು. ಆ ವಾರ ನಮ್ಮ ಮನೆಯ ಚಮಚಗಳೆಲ್ಲ ಕಾರ್ಖಾನೆಯಲ್ಲಿದ್ದವು.

ಎರಡನೆಯ ದಿನ ಅವರು ಬೆಟ್ಟ ಮತ್ತು ಕಣಿವೆ ಹೇಳಿಕೊಟ್ಟರು. ಅವರ ವಿದ್ಯೆಯಲ್ಲಿ ಇರುವುದು ಈ ಎರಡೇ ಅಕ್ಷರ. ಗೆರೆ ನಿಮ್ಮ ಕಡೆಗೆ ಎದ್ದು ನಿಂತರೆ ಬೆಟ್ಟ, ನಿಮ್ಮಿಂದ ಆಚೆಗೆ ಇಳಿದು ಹೋದರೆ ಕಣಿವೆ. ಮಿಕ್ಕಿದ್ದೆಲ್ಲ, ಯಾವ ಬೆಟ್ಟದ ಪಕ್ಕ ಯಾವ ಕಣಿವೆ ಎನ್ನುವುದಷ್ಟೇ. ನಾವು ಮೇಜಿನ ಸುತ್ತ ನಿಂತು ಮಕ್ಕಳ ಹಾಗೆ ರಾಗವಾಗಿ ಬೆಟ್ಟ, ಕಣಿವೆ, ಬೆಟ್ಟ, ಕಣಿವೆ ಎನ್ನುತ್ತ ನೆರಿಗೆ ಹಾಕಿದೆವು. ಮೇಷ್ಟ್ರು ಎರಡು ಪುಸ್ತಕಗಳ ನಡುವೆ ಸಾದಾ ಹಾಳೆ ಇಟ್ಟು ಅದರ ಮೇಲೆ ಖಾಲಿ ಲೋಟ ಇಟ್ಟರು, ಹಾಳೆ ಸೊಂಟ ಮುರಿದಂತೆ ಕುಸಿಯಿತು. ಅದೇ ಹಾಳೆಯನ್ನು ನೆರಿಗೆ ಹಾಕಿ ಇಟ್ಟರು, ತುಂಬಿದ ಚಹಾ ಲೋಟವನ್ನು ಹೊತ್ತುಕೊಂಡು ನಿಂತಿತು. ಭಾರ ಹೊರುವುದು ಕಾಗದವಲ್ಲ, ಮಡಿಕೆ ಎಂದರು. ಗೆಳತಿ ಆ ಲೋಟದ ಚಹಾ ಕುಡಿದು, ವಿದ್ಯೆಯ ರುಚಿ ಚೆನ್ನಾಗಿದೆ ಎಂದಳು. ಅವತ್ತಿನಿಂದ ನನಗೆ ಹುಚ್ಚು ಹಿಡಿಯಿತೆಂದೇ ಹೇಳಬೇಕು.

ಆಮೇಲೆ ಬಂತು ಓರೆ ಮಡಿಕೆ. ಹಾಳೆಯನ್ನು ಉದ್ದಕ್ಕೆ ಪಟ್ಟಿಪಟ್ಟಿಯಾಗಿ ಮಡಿಸಿ, ಅಡ್ಡಕ್ಕೆ ಮಾತ್ರ ನೇರವಾಗಿ ಮಡಿಸದೆ ಅಂಕುಡೊಂಕಾಗಿ ಮಡಿಸಬೇಕು. ಎಲ್ಲ ಬಿಚ್ಚಿ, ಒಂದೊಂದು ಗೆರೆಗೂ ನೀನು ಬೆಟ್ಟ, ನೀನು ಕಣಿವೆ ಎಂದು ಬುದ್ಧಿ ಹೇಳಬೇಕು. ಬೆರಳು ನೋಯುವವರೆಗೂ ಅದು ಕೇಳುವುದಿಲ್ಲ. ಆಮೇಲೆ ಒಮ್ಮೆಲೇ ಕೇಳುತ್ತದೆ. ಎದುರುಬದುರು ಮೂಲೆ ಹಿಡಿದು ಎಳೆದರೆ ಇಡೀ ಹಾಳೆ ಒಂದೇ ಸಲಕ್ಕೆ ಹರಡಿಕೊಳ್ಳುತ್ತದೆ. ಒಂದು ಬೆಟ್ಟವನ್ನು ಇನ್ನಷ್ಟು ಚೂಪು ಮಾಡಿದಿರೋ, ಮಿಕ್ಕ ಬೆಟ್ಟಗಳೆಲ್ಲ ತಾವಾಗಿಯೇ ಚೂಪಾಗಿ, ಹಾಳೆ ಮುದುಡಿ ಅಂಗೈಯಗಲದ ಕಟ್ಟಾಗಿಬಿಡುತ್ತದೆ. ಯಾವ ಗೆರೆಗೂ ಸ್ವಂತ ಇಷ್ಟ ಅನ್ನುವುದೇ ಇಲ್ಲ. ದೊಡ್ಡದನ್ನು ಚಿಕ್ಕದಾಗಿ ಸಾಗಿಸಿ ದೂರದಲ್ಲಿ ಬಿಚ್ಚಬೇಕಾದಲ್ಲೆಲ್ಲ ಇದೇ ಮಡಿಕೆಯಂತೆ. ನನ್ನದು ಮೊದಲ ಸಲ ಮುಚ್ಚಿಕೊಂಡಾಗ ತೋರುಬೆರಳು ಒಳಗೇ ಸಿಕ್ಕಿಹಾಕಿಕೊಂಡಿತು. ಎಲ್ಲರೂ ನಕ್ಕೆವು, ಕಾಗದವಾದ್ದರಿಂದ.

ಮನೆಯಲ್ಲೂ ಇದೇ ಕಸುಬಾಯಿತು. ಊಟದ ಮೇಜಿನ ದೀಪಕ್ಕೆ ಓರೆ ಮಡಿಕೆಯ ಮುಸುಕು ಮಾಡಿದ್ದೇನೆ, ಬೆಳಕು ಗೋಡೆಯ ಮೇಲೆ ಅಲೆಯಲೆಯಾಗಿ ಬೀಳುತ್ತದೆ, ನೀವು ಬಂದು ನೋಡಬೇಕು. ಅತ್ತೆಯ ಮಾತ್ರೆಗಳಿಗೆ ಅಂಟಿಲ್ಲದ ಡಬ್ಬಿ ಮಾಡಿಕೊಟ್ಟೆ. ಒಂದು ಕಡೆ ಒತ್ತಿದರೆ ಅರಳುತ್ತದೆ, ಬಿಟ್ಟರೆ ಮುಚ್ಚುತ್ತದೆ. ಬಂದವರಿಗೆಲ್ಲ ಅದನ್ನು ತೋರಿಸುತ್ತಾರೆ, ಒಳಗಿನ ಮಾತ್ರೆ ತೆಗೆದುಕೊಳ್ಳಲು ಮಾತ್ರ ಮರೆಯುತ್ತಾರೆ. ಒಂದು ಸಂಜೆ ಮಡಚುಮನೆಯ ಪೆಟ್ಟಿಗೆಗೆ ಅಂಟಿಸುವ ಚೀಟಿಯನ್ನು ಮನೆಯಲ್ಲಿ ಕೂತು ಬರೆಯುತ್ತಿದ್ದೆ. ‘ಮಡಿದಾಗ ಉದ್ದ ಇಷ್ಟು, ಅಗಲ ಇಷ್ಟು’ ಎಂದು ಬರೆದಿದ್ದೆ. ಅತ್ತೆ ಕನ್ನಡಕ ಏರಿಸಿ ಓದಿ ಹುಬ್ಬು ಗಂಟಿಕ್ಕಿದರು. ‘ಮಡಿದಾಗ ಅಂತ ಬರೀತಾರೇನೇ? ಅದು ಸತ್ತಾಗ ಅಂತ ಆಗುತ್ತೆ. ಮಡಿಚಿದಾಗ ಅಂತ ಬರಿ’ ಎಂದರು. ಸತ್ತದ್ದರ ಉದ್ದಗಲ ಬೇರೆ ಕೊಟ್ಟಿದ್ದೇನಲ್ಲ ಎಂದು ನಾನೇ ನಗಲು ಹೋದೆ, ಅವರು ನಗಲಿಲ್ಲ. ಆ ಚೀಟಿಯನ್ನು ಹರಿದು ಹೊಸದು ಬರೆದೆ. ಎಷ್ಟೋ ದಿನ ಆ ಪದ ನನ್ನ ಬಾಯಲ್ಲೇ ಉಳಿದುಬಿಟ್ಟಿತ್ತು.

ಮಡಚುಮನೆಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಇಲಾಖೆಯವರು, ಇಬ್ಬರು ಹೊರುವಂಥ, ಹಿಮದಲ್ಲಿ ನಿಲ್ಲುವಂಥ ಗೂಡು ಬೇಕು ಎಂದು ನಮ್ಮ ಮ್ಯಾನೇಜರನ್ನು ಕೇಳಿದ್ದು ನಿಮಗೂ ಗೊತ್ತು. ಕಾಗದದಲ್ಲಿ ಒಂದೇ ಮಧ್ಯಾಹ್ನಕ್ಕೆ ಮಾಡಿ ಕುಣಿದಾಡಿದೆವು. ಪ್ಲಾಸ್ಟಿಕ್ ಹಲಗೆಯಲ್ಲಿ ಮಾಡಲು ಹೋದಾಗ ಅಸಲು ವಿದ್ಯೆ ಶುರುವಾಯಿತು. ಕಾಗದಕ್ಕೆ ದಪ್ಪವಿಲ್ಲ, ಹಲಗೆಗಿದೆ. ಎರಡು ಹಲಗೆ ಮಡಿಚಿದರೆ ಸೈ, ನಾಲ್ಕನೆಯದು ಬರುವಷ್ಟರಲ್ಲಿ ಒಂದರ ಅಂಚು ಇನ್ನೊಂದನ್ನು ತಿವಿದು ಮೂಲೆ ಒಡೆಯುತ್ತದೆ. ಹಲಗೆಗಳ ನಡುವೆ ಸಂದು ಬಿಟ್ಟು, ಅಲ್ಲಿಗೆ ಗಟ್ಟಿ ಬಟ್ಟೆ ಹೊಲಿದು, ಯಾವ ಸಂದು ಎಷ್ಟಗಲ ಎಂದು ಮತ್ತೆ ಮತ್ತೆ ಲೆಕ್ಕ ಹಾಕಿ, ಮೂರು ಮಾದರಿ ಮುರಿದು, ನಾಲ್ಕನೆಯದು ನಿಂತಿತು. ಅಂಗಳದ ತುಂಬ ಎದ್ದು ನಿಂತ ಆ ಬಿಳಿ ಮನೆಯನ್ನು ನೋಡಿ ಗೆಳತಿ ಅತ್ತೇಬಿಟ್ಟಳು. ನಾನೂ ಅತ್ತುಬಿಟ್ಟೆ. ನಿಮಗೆ ಅದನ್ನು ತೋರಿಸಬೇಕೆಂದು ಎಷ್ಟು ಆಸೆಯಾಗಿತ್ತು ಗೊತ್ತೇ? ತೋರಿಸುವುದೇನು, ಈಗ ಅದರೊಳಗೇ ಮಲಗಿದ್ದೀರಿ.

ನಿಮ್ಮ ಇಲಾಖೆಯವರು ನೋಡಲು ಬಂದ ದಿನದ ಸಂಗತಿಯೊಂದನ್ನು ನಾನು ನಿಮಗೆ ಬರೆದಿರಲಿಲ್ಲ. ಬಿಚ್ಚಿ ತೋರಿಸಿದ್ದಾಯಿತು. ಮಡಿಸಿ ತೋರಿಸಿ ಎಂದರು. ಮಡಿಸಲು ಇಬ್ಬರು ಎರಡು ಬದಿ ನಿಂತು ಸೂರಿನ ನಡುಬೆಟ್ಟದ ಗೆರೆಯನ್ನು ಚಿವುಟಿ ಎತ್ತಿದರೆ ಸಾಕು, ಮಿಕ್ಕದ್ದನ್ನು ಅದೇ ನೋಡಿಕೊಳ್ಳುತ್ತದೆ. ಗೆಳತಿಯೂ ನಾನೂ ಎತ್ತಿದೆವು. ಒಂದು ಉಸಿರಿನಲ್ಲಿ ಮನೆ ಗೋಡೆಸಮೇತ ಮುದುಡಿ ನೆಲಕ್ಕೆ ಕೂತಿತು. ಒಳಗೆ ಯಾರೋ ನೆಲ ಒರೆಸುವ ಬಕೆಟ್ ಬಿಟ್ಟಿದ್ದರು. ಬಿಚ್ಚಿ ನೋಡಿದರೆ ಅದು ಚಪ್ಪಟೆಯಾಗಿ, ಬಾಯಿ ಮುಚ್ಚಿಕೊಂಡು, ಹಲಗೆಗಳ ನಡುವೆ ಬಿದ್ದಿತ್ತು. ಬಂದವರು ಚಪ್ಪಾಳೆ ತಟ್ಟಿದರು. ಬಕೆಟ್ಟೂ ಮಡಿಕೆ ಕಲಿತಿತು ಎಂದು ಮ್ಯಾನೇಜರ್ ತಮಾಷೆ ಮಾಡಿದರು, ನಾನೂ ನಕ್ಕೆ. ಮೇಷ್ಟ್ರು ಒಬ್ಬರೇ ಆ ಬಕೆಟ್ಟನ್ನು ಕೈಗೆತ್ತಿಕೊಂಡು ಅತ್ತಿತ್ತ ತಿರುಗಿಸಿ ನೋಡುತ್ತ ನಿಂತಿದ್ದರು.

ಮನೆಯ ಜೊತೆ ಕಳಿಸಿದ ಸೂಚನೆಯ ಹಾಳೆ ನಾನೇ ಬರೆದದ್ದು, ನನ್ನ ಅಕ್ಷರ ಗುರುತು ಹಿಡಿದೆನೆಂದು ನೀವು ಖುಷಿಪಟ್ಟಿರಿ. ಮೊದಲು ಅದರಲ್ಲಿ ಇಷ್ಟು ಮಾತೇ ಇರಲಿಲ್ಲ. ಬೆಟ್ಟದ ಗೆರೆಗೆಲ್ಲ ಕೆಂಪು, ಕಣಿವೆಯ ಗೆರೆಗೆಲ್ಲ ನೀಲಿ ಬಳಿಯುವುದೆಂದಿತ್ತು. ಆದರೆ ಶೀತಲ ಕೋಣೆಯಲ್ಲಿಟ್ಟು ನೋಡಿದಾಗ ಬಣ್ಣ ಚಕ್ಕೆಚಕ್ಕೆಯಾಗಿ ಉದುರಿತು. ಬಣ್ಣ ಬೇಡ, ಮಾತಲ್ಲೇ ಬರೆದುಬಿಡಿ, ಓದು ಬಂದವರೇ ತಾನೇ ಅಲ್ಲಿರುವುದು ಎಂದರು ಮ್ಯಾನೇಜರ್. ಮೇಜಿನ ಮೇಲೆ ಕಾಗದದ ಮಾದರಿ ಇಟ್ಟುಕೊಂಡು, ನಾವೆಲ್ಲ ಸುತ್ತ ನಿಂತು ಬಗ್ಗಿ ನೋಡುತ್ತ, ಒಂದೊಂದು ವಾಕ್ಯವನ್ನೂ ತೂಗಿ ಬರೆದೆವು. ‘ಹಿಮ ಕೂತರೆ ಒಳಗಿನಿಂದ ಕಣಿವೆಯ ಗೆರೆಯನ್ನು ಅಂಗೈಯಲ್ಲಿ ಮೇಲಕ್ಕೆ ಒತ್ತಿ, ಸೂರು ಬಿಗಿಯಾಗಿ ಹಿಮ ಜಾರುತ್ತದೆ. ಬೆಟ್ಟದ ಗೆರೆಯನ್ನು ಎಂದೂ ಒತ್ತಬೇಡಿ, ಮನೆ ಮಡಚಿಕೊಳ್ಳುತ್ತದೆ.’ ಮ್ಯಾನೇಜರ್ ಓದಿ ತಲೆದೂಗಿದರು, ಗೆಳತಿ ಓದಿದಳು, ಮೇಷ್ಟ್ರೂ ಓದಿದರು. ಬೇರೆ ಅರ್ಥ ಬರುವಂಥ ಮಾತು ಒಂದೂ ಇಲ್ಲ ಎಂದು ಎಲ್ಲರೂ ಒಪ್ಪಿದೆವು.

ಅದರ ಮಾರನೆಯ ದಿನ ಮೇಷ್ಟ್ರು ಹೊರಟರು. ಅವರ ಕೆಲಸ ಮುಗಿದಿತ್ತು, ಬೇರೆಲ್ಲೋ ಇನ್ನೊಂದು ಕಾರ್ಖಾನೆಯವರು ಕರೆದಿದ್ದರಂತೆ. ಗೋದಾಮಿನ ಬಾಗಿಲವರೆಗೆ ಹೋಗಿ ತಿರುಗಿ ಬಂದು ನನ್ನ ಮೇಜಿನ ಹತ್ತಿರ ನಿಂತರು. ‘ಇಷ್ಟು ವರ್ಷ ಮಡಿಸಿದ್ದೀನಮ್ಮ. ನಾನು ಮಡಿಸಿದ್ದರೊಳಗೆ ಯಾವತ್ತೂ ಯಾರೂ ಇರಲಿಲ್ಲ. ಇದೇ ಮೊದಲು’ ಎಂದರು. ಏನು ಮೇಷ್ಟ್ರೇ, ಏನಾದರೂ ತಪ್ಪಾಗಿದೆಯೇ ಎಂದು ಕೇಳಿದೆ. ಇಲ್ಲ, ತಪ್ಪೇನೂ ಕಾಣುತ್ತಿಲ್ಲ ಎಂದು ತಲೆಯಾಡಿಸಿದರು. ಕಾಣದಿರುವುದೇ ತಮಗೆ ಸಮಾಧಾನವಿಲ್ಲ ಎನ್ನುವಂತಿತ್ತು ಅವರ ಮುಖ. ನನಗೆ ಅವರ ಮೇಲೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಹೋಗುವವರು ಸುಮ್ಮನೆ ಹೋಗಬಾರದೇ? ನಮ್ಮ ತಲೆಗೆ ಹುಳ ಬಿಟ್ಟು ಹೋಗಬೇಕೇ?

ಈಗ ನಿಮ್ಮ ಕಳೆದ ಪತ್ರ. ಅದನ್ನು ಎಷ್ಟು ಸಲ ಓದಿದ್ದೇನೆಂದರೆ ಮಡಿಕೆಯಲ್ಲಿ ಹರಿಯಲು ಬಂದಿದೆ. ಅದರಲ್ಲಿ ಬರೆದಿದ್ದೀರಿ: ‘ನಿನ್ನ ಬೆಟ್ಟ ಕಣಿವೆ ನನಗೆ ಬಾಯಿಪಾಠ. ಜೊತೆಗಾರನಿಗೂ ಕಲಿಸಿಬಿಟ್ಟೆ. ಸರಿಯಾಗಿ ನನ್ನ ತಲೆದಿಂಬಿನ ಮೇಲೆ, ಸೂರಿನ ನಡುವೆ, ಒಂದು ದೊಡ್ಡ ಕಣಿವೆಯಿದೆ. ಮಲಗಿದಲ್ಲಿಂದಲೇ ಕೈಗೆ ಸಿಗುತ್ತದೆ. ಹಿಮ ಜೋರಾದರೆ ಮೊದಲು ಅದನ್ನೇ ಒತ್ತುವುದೆಂದು ತೀರ್ಮಾನಿಸಿದ್ದೇವೆ.’ ಮೊದಲ ಸಲ ಓದಿದಾಗ ಅತ್ತೆಗೆ ಜೋರಾಗಿ ಓದಿ ಹೇಳಿದೆ, ನೋಡಿ ನಿಮ್ಮ ಮಗ ಎಷ್ಟು ಜಾಣ ವಿದ್ಯಾರ್ಥಿ ಎಂದು. ಆಮೇಲೆ ಪಾತ್ರೆ ತೊಳೆಯುವಾಗ ಆ ಮಾತು ಇದ್ದಕ್ಕಿದ್ದಂತೆ ಮನಸ್ಸಿಗೆ ಬಂತು, ಕೈ ಒರೆಸಿಕೊಂಡು ಬಂದು ಪತ್ರವನ್ನು ಮತ್ತೆ ಬಿಚ್ಚಿದೆ. ಅನ್ನದಲ್ಲಿ ಹಲ್ಲಿಗೆ ಸಿಕ್ಕ ಕಲ್ಲಿನ ಹಾಗೆ ಅದರಲ್ಲೇನೋ ಇದೆ. ಏನೆಂದು ಗೊತ್ತಾಗುತ್ತಿಲ್ಲ. ನೀವು ಸೂಚನೆಯನ್ನು ಸರಿಯಾಗಿಯೇ ಓದಿದ್ದೀರಿ, ಕಣಿವೆಯನ್ನು ಒತ್ತುತ್ತೇನೆ ಎಂದಿದ್ದೀರಿ, ಬೆಟ್ಟವನ್ನಲ್ಲ. ಮತ್ತೇಕೆ ನನಗೆ ಈ ಸಂಕಟ? ಗೆಳತಿಗೆ ತೋರಿಸಿದೆ. ಅವಳೂ ಎರಡು ಸಲ ಓದಿ, ಎಲ್ಲ ಸರಿಯಾಗಿದೆಯಲ್ಲೇ, ಗಂಡ ದೂರದಲ್ಲಿದ್ದರೆ ಹೀಗೆಲ್ಲ ಆಗುತ್ತದೆ ಎಂದು ಗೇಲಿ ಮಾಡಿದಳು.

ಇವತ್ತು ಬೆಳಿಗ್ಗೆ ಬಟ್ಟೆ ಹರವಲು ಮಹಡಿಗೆ ಹೋಗಿದ್ದೆ. ನಿಮ್ಮ ಶಿಖರ ಕಾಣುತ್ತದೇನೋ ಎಂದು ನೋಡಿದೆ. ಶಿಖರವೂ ಇಲ್ಲ, ಅದರ ಕೆಳಗಿನ ಕಾಡೂ ಇಲ್ಲ, ಬೂದುಬಣ್ಣದ ಮೋಡ ಊರಿನ ಕೊನೆಯ ಬೀದಿಯವರೆಗೂ ಇಳಿದು ಕೂತಿತ್ತು. ಒದ್ದೆ ಬಟ್ಟೆಗಳನ್ನು ಹಾಗೇ ವಾಪಸು ತಂದೆ. ಅಷ್ಟು ಮೋಡದೊಳಗೆ ಎಷ್ಟು ಹಿಮವಿರುತ್ತದೆ ಎಂದು ಅತ್ತೆ ಕೇಳಿದರು. ಅದನ್ನು ಅಳೆಯುವುದೇ ನಿಮ್ಮ ಮಗನ ಕೆಲಸ, ಬಂದಾಗ ಕೇಳಿ ಎಂದು ತೇಲಿಸಿಬಿಟ್ಟೆ. ನನ್ನ ದನಿ ನನಗೇ ಆ ಗುಮಾಸ್ತರ ದನಿಯ ಹಾಗೆ ಕೇಳಿಸಿತು.

ಸಾಕು, ಬರೀ ಹೆದರಿಕೆಯನ್ನೇ ಬರೆದು ನಿಮ್ಮ ನಿದ್ದೆ ಕೆಡಿಸುವುದಿಲ್ಲ. ಮೈ ಬೆಚ್ಚಗಿಟ್ಟುಕೊಳ್ಳಿ. ಬಿಸಿನೀರನ್ನೇ ಕುಡಿಯಿರಿ. ಜೊತೆಗಾರರಿಗೆ ನನ್ನ ನಮಸ್ಕಾರ ತಿಳಿಸಿ, ಅವರ ಅಡುಗೆಗೆ ಮಾತ್ರ ನನ್ನ ನಮಸ್ಕಾರವಿಲ್ಲ. ಅತ್ತೆ ಆಶೀರ್ವಾದ ಹೇಳಿದ್ದಾರೆ, ಜೊತೆಗೆ ಕಿವಿ ಮುಚ್ಚುವ ಟೋಪಿ ಹಾಕಿಕೊಂಡೇ ಇರಬೇಕೆಂದು ಅಪ್ಪಣೆಯನ್ನೂ. ನೀವಿಲ್ಲದ ಮನೆಯಲ್ಲಿ ಮಾತಾಡಲು ಜನವಿದ್ದಾರೆ, ಜಗಳವಾಡಲು ಯಾರೂ ಇಲ್ಲ. ಬೇಗ ಬನ್ನಿ, ನಿಮ್ಮನ್ನು ನೋಡದೆ ಬಹಳ ಬೇಜಾರಾಗಿದೆ.

ಸದಾ ನಿಮ್ಮವಳೇ ಆದ
ಡಬ್ಬಾರಾಣಿ

ತಾ.ಕ.: ರೀ, ಇದನ್ನು ಮೊದಲು ಓದಿ. ಮೇಲಿನದ್ದೆಲ್ಲ ಆಮೇಲೆ. ಪತ್ರವನ್ನು ಲಕೋಟೆಗೆ ಹಾಕಲು ಮಡಿಸಿದೆ. ಬರೆದ ಬದಿಯಿಂದ ನೋಡಿದರೆ ಮಡಿಕೆಯ ಗೆರೆ ಕಣಿವೆ. ಮಸಿ ಹಿಂಬದಿಗೆ ಇಳಿದಿದೆಯೇ ನೋಡಲು ಬಿಚ್ಚಿ ಮಗುಚಿದೆ, ಅದೇ ಗೆರೆ ಬೆಟ್ಟವಾಗಿತ್ತು. ನಾವು ಯಾವಾಗಲೂ ಮೇಜಿನ ಸುತ್ತ ನಿಂತು ಮೇಲಿನಿಂದಲೇ ನೋಡಿದವರು, ಒಬ್ಬರೂ ಒಳಗಿನಿಂದ ತಲೆಯೆತ್ತಿ ನೋಡಲಿಲ್ಲ. ನಮ್ಮ ಕಡೆಗೆ ಎದ್ದು ನಿಂತದ್ದಕ್ಕೆ ಬೆಟ್ಟ ಎಂದೆವು. ಒಳಗೆ ಮಲಗಿದವರಿಗೆ ಅದೇ ಆಚೆಗೆ ಹೋದ ಕಣಿವೆ. ನಿಮ್ಮ ತಲೆದಿಂಬಿನ ಮೇಲಿರುವುದು ಕಣಿವೆಯಲ್ಲ, ಅದು ನಡುಬೆಟ್ಟ. ಮನೆ ಮಡಿಸಲು ನಾವು ಚಿವುಟಿ ಎತ್ತುವ ಗೆರೆ ಅದೇ. ಅದನ್ನು ಮುಟ್ಟಬೇಡಿ. ಒತ್ತಬೇಡಿ. ಯಾವ ಗೆರೆಯ ಮೇಲೂ ಕೈಯಿಡಬೇಡಿ. ಸೂಚನೆಯ ಹಾಳೆಯನ್ನು ಒಲೆಗೆ ಹಾಕಿ, ಅದು ಹೊರಗೆ ನಿಂತವರು ಬರೆದದ್ದು, ನೀವು ಒಳಗಿದ್ದೀರಿ. ಇಬ್ಬರೂ ಹೊರಗೆ ಬನ್ನಿ, ಬಿರುಕು ಬಿಟ್ಟ ಕೋಣೆಯೇ ವಾಸಿ. ಆಫೀಸಿಗೆ ಫೋನ್ ಮಾಡಿ ಹೇಳಿದೆ. ಗುಮಾಸ್ತರ ದನಿ ಈ ಸಲ ಹಗುರವಾಗಿರಲಿಲ್ಲ, ವೈರ್‌ಲೆಸ್ಸಿನಲ್ಲಿ ಕೂಗುತ್ತಲೇ ಇರುತ್ತೇವೆ, ಆ ಕಡೆಯಿಂದ ಉತ್ತರವಿಲ್ಲ ಎಂದರು. ಹಿಮ ಜೋರಾದರೆ ಒತ್ತುತ್ತೇವೆ ಎಂದು ನೀವು ಬರೆದು ಎಷ್ಟು ದಿನವಾಯಿತು ರೀ? ಗಾಡಿ ಹೊರಡುವ ಹೊತ್ತಾಯಿತು, ಓಡುತ್ತೇನೆ. ಚಾಲಕರಿಗೆ ಬಾಯಲ್ಲೂ ಹೇಳುತ್ತೇನೆ, ಅವರು ಒಪ್ಪಿದರೆ ನಾನೂ ಹತ್ತುತ್ತೇನೆ, ಇಲ್ಲವಾದರೆ ಈ ಪತ್ರ ಒಂದೇ ಬರುತ್ತದೆ. ತಲುಪಿದ ಕೂಡಲೇ, ನಿಮ್ಮ ಕೈಯಿಂದ, ಯಾವುದಾದರೂ ಚೂರು ಕಾಗದದ ಮೇಲೆ ಒಂದೇ ಒಂದು ಅಕ್ಷರ ಬರೆದು ಅದೇ ಗಾಡಿಯಲ್ಲಿ ಕಳಿಸಿ. ಒಂದೇ ಅಕ್ಷರ ಸಾಕು ರೀ.